ಹಿನ್ನೀರಿನ ತಳದಲ್ಲಿ ಒಂದು ದಣಪೆ

ಕೇಳುಗರಿಗೆ ನಮಸ್ಕಾರ.

ಮದುವೆ ಮನೆಯ ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗ ಪಕ್ಕದವರು ಮೊದಲು ಕೇಳುವ ಮಾತು, ‘ಯಾವೂರಾಯಿತು?’ ಎಪ್ಪತ್ತು ದಾಟಿದ ನಾನು ಇವತ್ತಿಗೂ ‘ಮಡೆನೂರಿನ ಕಡೆ’ ಎನ್ನುತ್ತೇನೆ. ಸಾಗರ ಸೀಮೆಯ ಹಿರಿಯರಾದರೆ ‘ಓ, ಮುಳುಗಡೆಯವರು’ ಎಂದು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸುತ್ತಾರೆ. ಕಿರಿಯರು ಮೊಬೈಲ್ ತೆಗೆದು ನಕ್ಷೆಯಲ್ಲಿ ಹುಡುಕುತ್ತಾರೆ. ಅವರಿಗೆ ಸಿಗುವುದು ಬರಿಯ ನೀಲಿ ಬಣ್ಣ.

ಆ ನೀಲಿಯ ಕೆಳಗೆ ಏನೇನಿತ್ತು ಎಂದು ಹೇಳಲು ನಾನು ಇವತ್ತು ನಿಮ್ಮ ಮುಂದಿದ್ದೇನೆ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುವ ಮೊದಲು ಜೋಗದಲ್ಲಿ ಧುಮುಕುವುದು ಎಲ್ಲರಿಗೂ ಗೊತ್ತು. ಜೋಗಕ್ಕಿಂತ ಮೇಲೆ, ಕಾಡಿನ ನಡುವೆ, ಮಡೆನೂರಿನಲ್ಲಿ ಈ ಹೊಳೆಗೆ ಒಂದು ಅಣೆಕಟ್ಟು ಇತ್ತು. ಸರ್ಕಾರದ ಕಾಗದದಲ್ಲಿ ಅದು ಹಿರೇಭಾಸ್ಕರ ಅಣೆಕಟ್ಟು, ನಮ್ಮ ಬಾಯಲ್ಲಿ ಮಡೆನೂರು ಡ್ಯಾಮು. ಜೋಗದ ವಿದ್ಯುದಾಗಾರಕ್ಕೆ ಬೇಸಿಗೆಯಲ್ಲೂ ನೀರು ಬೇಕೆಂದು ಮೈಸೂರು ಸಂಸ್ಥಾನದ ಕಾಲದಲ್ಲಿ ಕಟ್ಟಲು ತೊಡಗಿದ್ದು. ಆ ವಿದ್ಯುದಾಗಾರ 1948ರಲ್ಲಿ ಕೆಲಸ ಶುರುಮಾಡಿತು. ಕೃಷ್ಣರಾಜೇಂದ್ರರ ಹೆಸರಿನಲ್ಲಿ ಆರಂಭವಾದ ಯೋಜನೆ ಮುಂದೆ ಮಹಾತ್ಮ ಗಾಂಧಿಯವರ ಹೆಸರು ಪಡೆಯಿತು.

ಡ್ಯಾಮಿನ ವಿಶೇಷವೆಂದರೆ ಅದರ ಸೈಫನ್‌ಗಳು. ಮೈಸೂರಿನ ಇಂಜಿನಿಯರ್ ಗಣೇಶ ಅಯ್ಯರ್ ಅವರು ರೂಪಿಸಿದ ಏರ್ಪಾಡು ಅದು. ನೀರು ಗೊತ್ತಾದ ಮಟ್ಟ ಮುಟ್ಟಿದರೆ ಸಾಕು, ಬಾಗಿಲು ಎತ್ತಲು ಆಳು ಬೇಕಿರಲಿಲ್ಲ. ದೊಡ್ಡ ಕೊಳವೆಯ ಬಾಯಿಗೆ ನೀರು ಸುಳಿ ಸುತ್ತುತ್ತಾ ಇಳಿದು, ಒಳಗಿನ ಗಾಳಿಯನ್ನು ತಾನೇ ಎಳೆದುಕೊಂಡು, ಒಮ್ಮೆಲೇ ಭೋರೆಂದು ಹೊರಗೆ ನುಗ್ಗುತ್ತಿತ್ತು. ನನಗೆ ಆರು ವರ್ಷವಿದ್ದಾಗ ಅಜ್ಜ ಆಷಾಢದ ಒಂದು ದಿನ ಕಂಬಳಿಕೊಪ್ಪೆ ಹೊದಿಸಿ ತೋರಿಸಲು ಕರೆದುಕೊಂಡು ಹೋಗಿದ್ದರು. ಆ ಸದ್ದಿಗೆ ಎದೆ ನಡುಗಿ ನಾನು ಅವರ ಪಂಚೆ ಹಿಡಿದುಕೊಂಡಿದ್ದೆ. ಅಜ್ಜ ಮಾತ್ರ ಸುಮ್ಮನೆ ನೋಡುತ್ತಾ ನಿಂತಿದ್ದರು. ಅವರು ಹುಟ್ಟಿದ ಮನೆಯ ಜಾಗ ಆ ಡ್ಯಾಮಿನ ನೀರಿನೊಳಗೇ ಇತ್ತೆಂಬುದು ನನಗೆ ಆಗ ಗೊತ್ತಿರಲಿಲ್ಲ. ಮೊದಲ ಮುಳುಗಡೆಗೆ ಅವರು ಗುಡ್ಡದ ಮೇಲಕ್ಕೆ ಸರಿದು ಹೊಸ ಮನೆ ಕಟ್ಟಿದ್ದರು. ಹದಿನೈದು ವರ್ಷ ಆಗುವಷ್ಟರಲ್ಲಿ ಎರಡನೆಯ ಮುಳುಗಡೆಯ ಸುದ್ದಿ ಬಂತು.

ಅದು ಲಿಂಗನಮಕ್ಕಿ. ‘ಮಕ್ಕಿ’ ಎಂದರೆ ಮಳೆ ನೀರನ್ನೇ ನಂಬಿದ ಎತ್ತರದ ಗದ್ದೆ. ಹೆಸರಿನಲ್ಲೇ ಗದ್ದೆ ಇಟ್ಟುಕೊಂಡ ಊರಿನಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿಯಿತು. ಸಮುದ್ರ ಮಟ್ಟದಿಂದ 1819 ಅಡಿ. ಈ ಅಂಕಿ ನಮ್ಮ ಸೀಮೆಯ ಮಕ್ಕಳಿಗೂ ಬಾಯಿಪಾಠ, ಏಕೆಂದರೆ ನೀರು ಎಲ್ಲಿಯವರೆಗೆ ಬರುತ್ತದೆ, ಯಾರ ಮನೆ ಒಳಗೆ, ಯಾರ ಮನೆ ಹೊರಗೆ ಎಂಬುದನ್ನು ಆ ಅಂಕಿಯೇ ತೀರ್ಮಾನಿಸಿತ್ತು. ಮಡೆನೂರು ಡ್ಯಾಮು ಕೂಡ ಒಳಗೆ ಬಿತ್ತು.

ಇಲ್ಲಿ ಕಾಗೋಡಿನ ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮದು ಗೇಣಿ ಮಾಡುವ ದೀವರ ಮನೆ. ಗೇಣಿ ಅಳೆಯುವ ಕೊಳಗದ ತಕರಾರಿನಿಂದ ಎದ್ದ ಕಾಗೋಡು ಸತ್ಯಾಗ್ರಹ 1951ರಲ್ಲಿ ನಡೆದದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ಎಚ್. ಗಣಪತಿಯಪ್ಪನವರು ರೈತರನ್ನು ಕಟ್ಟಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಉಳುವವನಿಗೆ ಹೊಲ ಎಂಬ ಮಾತನ್ನು ಅಪ್ಪಯ್ಯ ಕಿವಿಯಾರೆ ಕೇಳಿ ಬಂದಿದ್ದರು. ಆ ಮಾತು ಕಾನೂನಾಗಿ ಗಟ್ಟಿಯಾದದ್ದು 1974ರ ಭೂಸುಧಾರಣೆಯಲ್ಲಿ. ನಮ್ಮ ಗದ್ದೆ ಮುಳುಗಿ ಆಗ ಹತ್ತು ವರ್ಷ. ಮುಳುಗುವ ಹೊತ್ತಿಗೆ ಗೇಣಿದಾರನ ಕೈಯಲ್ಲಿ ಕಾಗದವೇ ಇರಲಿಲ್ಲ. ನಡುವಿನ ಆ ಹತ್ತು ವರ್ಷ ನಮ್ಮಂಥ ಎಷ್ಟು ಮನೆಗಳನ್ನು ನುಂಗಿತು ಎಂದು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನೀರು ಬರುವ ಮೊದಲಿನ ಬೇಸಿಗೆಯಲ್ಲೇ ನಾವು ಗಂಟುಮೂಟೆ ಕಟ್ಟಿದೆವು. ಮುಂಡಿಗೆ, ತೊಲೆ, ಬಾಗಿಲು, ದಾರಂದ, ಎಲ್ಲವನ್ನೂ ಬಿಚ್ಚಿ ಲಾರಿಗೆ ಹೇರಿದರು. ಬಿಚ್ಚಲಾಗದೆ ಉಳಿದದ್ದು ಮಣ್ಣಿನ ಗೋಡೆ. ಆ ಗೋಡೆಯ ಮೇಲೆ ಹಿಂದಿನ ವರ್ಷವಷ್ಟೇ ಅತ್ತೆಯ ಮದುವೆಗೆ ಅಮ್ಮ ಬರೆದ ಹಸೆ ಚಿತ್ತಾರ ಇತ್ತು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿನಾರಿನ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ಒಂದೊಂದೇ ಗೆರೆ ಎಳೆಯುತ್ತಿದ್ದ ಅಮ್ಮನ ಹಿಂದೆ ನಾನು ದೀಪ ಹಿಡಿದು ನಿಂತಿದ್ದೆ. ಮಾಡಿನ ಸೋಗೆ ತೆಗೆದ ಮೇಲೆ ಆ ಚಿತ್ತಾರಕ್ಕೆ ಮೊದಲ ಬಾರಿಗೆ ಬಿಸಿಲು ಬಿತ್ತು. ಅಷ್ಟು ಬೆಳಕಿನಲ್ಲಿ ನಾವ್ಯಾರೂ ಅದನ್ನು ನೋಡಿರಲಿಲ್ಲ. ನಾವು ಹೊರಡುವ ಹಿಂದಿನ ರಾತ್ರಿ ಗುಡುಗಿನ ಮಳೆ ಬಂತು. ಬೆಳಿಗ್ಗೆ ಗೋಡೆಯ ಮೇಲೆ ಬಿಳಿ ನೀರು ಇಳಿದ ಗೆರೆಗಳಷ್ಟೇ ಇದ್ದವು. ಹೊಳೆ ಬಂದು ಮುಟ್ಟುವ ಮೊದಲೇ ಅದು ಹೋಗಿತ್ತು. ಹೊಸ ಊರಿನ ಮನೆಯಲ್ಲಿ ಅಮ್ಮ ಬಹಳ ವರ್ಷ ಕುಂಚ ಮುಟ್ಟಲಿಲ್ಲ.

ಹೊಸ ಊರಿನ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. ಕಾಡು ಕಡಿದು ನೆಲ ಮಾಡಿಕೊಂಡೆವು, ಸೀಮೆಎಣ್ಣೆ ಬುಡ್ಡಿಯಲ್ಲಿ ಓದಿದೆವು, ಹಕ್ಕುಪತ್ರಕ್ಕಾಗಿ ಅಲೆದೆವು. ಅತ್ತ ಕರೂರು, ಬಾರಂಗಿ ಹೋಬಳಿಗಳಲ್ಲಿ ಉಳಿದ ನೆಂಟರು ನೀರಿನ ಆಚೆಯವರಾದರು. ಅವರಿಗೂ ನಮಗೂ ನಡುವೆ ಹೊಳೆಬಾಗಿಲಿನ ಲಾಂಚ್ ಇತ್ತು. ಹೊಳೆಬಾಗಿಲು! ಎಂಥ ಚೆಂದದ ಹೆಸರು. ಆದರೆ ಸಂಜೆಯಾದರೆ ಆ ಬಾಗಿಲು ಮುಚ್ಚುತ್ತಿತ್ತು. ಬಸುರಿಯರನ್ನೂ ಹಾವು ಕಚ್ಚಿದವರನ್ನೂ ದಡಕ್ಕೆ ತಂದು ಬೆಳಗಾಗುವುದನ್ನು ಕಾದ ರಾತ್ರಿಗಳನ್ನು ಅಲ್ಲಿಯವರು ಮರೆಯಲಾರರು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ತೂಗು ಕೇಬಲ್‌ಗಳ ಸೇತುವೆ ತೆರೆಯಿತು. ಮೊದಲ ಬಾರಿ ಅದರ ಮೇಲೆ ನಡೆದಾಗ ನನಗೆ ನಿಜವಾದ ಸಂತೋಷವಾಯಿತು. ಸಿಗಂದೂರಿಗೆ ಹೊರಟ ಹುಡುಗರು ವಾಹನ ನಿಲ್ಲಿಸಿ ಫೋಟೊ ತೆಗೆದುಕೊಳ್ಳುತ್ತಿದ್ದರು. ನೀವೂ ಅಲ್ಲಿಗೆ ಹೋದರೆ ಒಂದು ಗಳಿಗೆ ನಿಂತು ಕೆಳಗೆ ನೋಡಿ. ಜೊತೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಕೆಳಗಿದ್ದ ಊರುಗಳ ಹೆಸರು, ಗದ್ದೆಗಳ ಹೆಸರು, ಕಾನಿನ ಹೆಸರು, ಚೌಡಿಬನ ಇದ್ದ ಜಾಗ, ಕಡವು ಇದ್ದ ಜಾಗ ಕೇಳಿ ಬರೆದುಕೊಳ್ಳಿ. ನನ್ನಲ್ಲಿ ಒಂದು ನೋಟ್‌ಬುಕ್ ಇದೆ. ನಮ್ಮ ಒಂದೇ ಮನೆಯ ಗದ್ದೆಗಳಿಗೆ ಒಂಬತ್ತು ಹೆಸರುಗಳಿದ್ದವು. ಅವುಗಳಲ್ಲಿ ಎರಡನ್ನು ಬಲ್ಲವನು ಈಗ ನಾನೊಬ್ಬನೇ.

ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಹಿನ್ನೀರು ಇಳಿಯುತ್ತದೆ. ಆಗ ಮಡೆನೂರು ಡ್ಯಾಮು ಮೇಲೆ ಬರುತ್ತದೆ. ಅಷ್ಟು ಕಾಲ ನೀರೊಳಗಿದ್ದರೂ ಅದು ಇನ್ನೂ ಗಟ್ಟಿಯಾಗಿ ನಿಂತಿದೆ. ನೋಡಲು ಜನ ಹೋಗುತ್ತಾರೆ. ಅಂಥ ಒಂದು ಮೇ ತಿಂಗಳಲ್ಲಿ ಅಪ್ಪಯ್ಯ ನನ್ನನ್ನು ಕರೆದುಕೊಂಡು ಹೊರಟರು. ಡ್ಯಾಮಿನ ಕಡೆಗೆ ಅವರು ತಿರುಗಿಯೂ ನೋಡಲಿಲ್ಲ. ಬಿರುಕು ಬಿಟ್ಟ ಕೆಸರಿನ ಮೇಲೆ, ಸತ್ತ ಮರದ ಬೊಡ್ಡೆಗಳ ನಡುವೆ, ದಾರಿ ಇದ್ದಂತೆಯೇ ನಡೆದರು. ಎಲ್ಲೋ ಒಂದು ಕಡೆ ಎಡಕ್ಕೆ ತಿರುಗಿದರು. ಅಲ್ಲಿ ಎರಡು ಕಲ್ಲುಗಳು ನಿಂತಿದ್ದವು, ಸೊಂಟದೆತ್ತರ, ಒಂದೊಂದರಲ್ಲೂ ಮೂರು ತೂತು. ನಮ್ಮ ಮನೆಯ ದಣಪೆ. ದನ ಒಳಗೆ ಬರದಂತೆ ಆ ತೂತುಗಳಿಗೆ ಗಳ ಸೇರಿಸುತ್ತಿದ್ದೆವು. ಈಗ ಗಳವೂ ಇಲ್ಲ, ಬೇಲಿಯೂ ಇಲ್ಲ, ಆಚೆ ಈಚೆ ಕಣ್ಣು ಹಾಯುವಷ್ಟು ದೂರ ಬರಿಯ ಬಯಲು.

ನಾನು ಕಲ್ಲಿನ ಪಕ್ಕದಿಂದ ಹಾದು ಮುಂದೆ ಹೋದೆ. ಅಪ್ಪಯ್ಯ ಹಾಗೆ ಬರಲಿಲ್ಲ. ಎರಡು ಕಲ್ಲುಗಳ ನಡುವೆ ಬಂದು ನಿಂತು, ಒಂದರ ಮೇಲೆ ಕೈಯೂರಿ, ಇಲ್ಲದ ಗಳವನ್ನು ದಾಟುವಂತೆ ಕಾಲೆತ್ತಿ ಒಳಗಿಟ್ಟರು. ಆಮೇಲೆ ಚಪ್ಪಲಿ ಕಳಚಿದರು.