ಸೈಕಲ್‌ನ ಕಾಯಿಲ್ ಶಾಕ್‌ಗೆ ಯಾವ ಸ್ಪ್ರಿಂಗ್? ಶಿರಸಿಯ ಅಂಗಳದಲ್ಲಿ ಮಾಡಿದ ಲೆಕ್ಕ

[ಅಡಿಕೆ ಅಂಗಳ. ಚಪ್ಪರದ ಕಂಬಕ್ಕೆ ಸೈಕಲ್ ಒರಗಿಸಿದೆ. ಕ್ಯಾಮೆರಾ ಹಿಂದಿನ ಶಾಕ್ ಹತ್ತಿರ ಬರುತ್ತದೆ.]

ನಮಸ್ಕಾರ. ಹಿಂದಿನ ಚಕ್ರದ ಕುಲುಕಾಟ ತಡೆಯೋದು ಈ ಶಾಕ್. ಅದರ ಸುತ್ತ ಇರೋ ಈ ಸ್ಪ್ರಿಂಗ್ ಮೇಲೆ ಬರೆದದ್ದು ಕಾಣ್ತದಾ? 550 x 2.5. ಮೊದಲನೇ ಅಂಕಿ ಸ್ಪ್ರಿಂಗ್ ರೇಟ್. ಅಂದ್ರೆ ಇದನ್ನ ಒಂದು ಇಂಚು ಅದುಮಬೇಕಾದ್ರೆ 550 ಪೌಂಡ್ ಭಾರ ಬೇಕು. ಎರಡನೇದು, ಸ್ಪ್ರಿಂಗ್ ಎಷ್ಟು ಇಂಚು ಕುಗ್ಗಬಲ್ಲದು ಅನ್ನೋದು. ಆ ಮೊದಲನೇ ಅಂಕಿ ನನ್ನ ಮೈತೂಕಕ್ಕೆ ಹೊಂದದೆ, ಒಂದಿಡೀ ಮಳೆಗಾಲ ಈ ಸೈಕಲ್ ನನ್ನನ್ನ ಒದ್ದಿದೆ.

ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡದ್ದು. ಮಾರಿದವರು ನನಗಿಂತ ಬಹಳ ತೂಕದವರು, ಅವರಿಗೆ ಈ ಸ್ಪ್ರಿಂಗ್ ಸರಿಯಾಗೇ ಇತ್ತು. ನಾನು 68 ಕೆಜಿ. ನಮ್ಮ ಸೊಪ್ಪಿನಬೆಟ್ಟದಿಂದ ತೋಟಕ್ಕೆ ಇಳಿಯುವಲ್ಲಿ ಚಿರೆಕಲ್ಲಿನ ಏಳೆಂಟು ಮೆಟ್ಟಿಲಿದೆ, ಅದರ ಕೆಳಗೆ ಹಲಸಿನ ಮರದ ಬೇರು. ಪ್ರತಿ ಸಲ ಮೂರನೇ ಮೆಟ್ಟಿಲಿಗೆ ಹಿಂದಿನ ಚಕ್ರ ನೆಲ ಬಿಡೋದು. ಬೇರಿನ ಮೇಲಂತೂ ಪಕ್ಕಕ್ಕೆ ಜಾರೋದು. ಟೈರ್ ಸರಿ ಇಲ್ಲ ಅಂತ ಟೈರ್ ಬದಲಿಸಿದೆ. ಆಮೇಲೆ ಸ್ಪ್ರಿಂಗನ್ನ ಅದುಮಿ ಹಿಡಿಯೋ ಪ್ರೀಲೋಡ್ ರಿಂಗ್ ಪೂರ್ತಿ ಸಡಿಲ ಮಾಡಿದೆ. ಸ್ಪ್ರಿಂಗ್ ಕಟಕಟ ಅಂತ ಅಲ್ಲಾಡಲಿಕ್ಕೆ ಶುರುವಾಯ್ತು, ಒದೆಯೋದು ಮಾತ್ರ ನಿಲ್ಲಲಿಲ್ಲ.

[ತೂಗುಹಾಕಿದ ಸ್ಪ್ರಿಂಗ್ ತಕ್ಕಡಿ. ಕೊಕ್ಕೆಗೆ ಅಡಿಕೆ ಚೀಲ.]

ಯಾಕೆ ನಿಲ್ಲಲಿಲ್ಲ ಅನ್ನೋದು ಈ ತಕ್ಕಡಿ ನೋಡಿದ್ರೆ ಗೊತ್ತಾಗ್ತದೆ. 10 ಕೆಜಿ ತೂಗುಹಾಕಿದೆ, ಮುಳ್ಳು ಇಷ್ಟು ಇಳಿಯಿತು. ಇನ್ನೊಂದು 10 ಕೆಜಿ ಹಾಕಿದೆ, ಮತ್ತೆ ಅಷ್ಟೇ ಇಳಿಯಿತು. ಭಾರ ಎರಡರಷ್ಟಾದ್ರೆ ಸ್ಪ್ರಿಂಗ್ ಎಳೆಯೋದೂ ಎರಡರಷ್ಟು. 17ನೇ ಶತಮಾನದಲ್ಲಿ ರಾಬರ್ಟ್ ಹುಕ್ ಹೇಳಿದ ನಿಯಮ ಇದೇ. ಶಾಕ್‌ನ ಸ್ಪ್ರಿಂಗಿಗೂ ಅದೇ, ಅಲ್ಲಿ ಎಳೆಯೋ ಬದಲು ಅದುಮೋದು. ಒಂದೊಂದು ಮಿಲಿಮೀಟರಿಗೆ ಎಷ್ಟು ಭಾರ ಬೇಕು ಅನ್ನೋದು ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಲೆಕ್ಕ, ಇಷ್ಟರಿಂದ ಕಾರ್ಖಾನೆಯಲ್ಲೇ ತೀರ್ಮಾನ ಆಗಿರ್ತದೆ. ಪ್ರೀಲೋಡ್ ರಿಂಗ್ ತಿರುಗಿಸಿದ್ರೆ ಸ್ಪ್ರಿಂಗ್ ಎಲ್ಲಿಂದ ಶುರುವಾಗಬೇಕು ಅನ್ನೋದು ಮಾತ್ರ ಬದಲಾಗ್ತದೆ. ಅದರ ಗಡಸು ಬದಲಾಗೋದಿಲ್ಲ. ಸ್ಪ್ರಿಂಗ್ ಅಲ್ಲಾಡದ ಹಾಗೆ ರಿಂಗ್ ತಾಗಿಸಿ, ಅಲ್ಲಿಂದ ಒಂದು ಸುತ್ತು, ಹೆಚ್ಚೆಂದ್ರೆ ಎರಡು. ಅಷ್ಟರಲ್ಲಿ ಸರಿ ಬರಲಿಲ್ಲ ಅಂದ್ರೆ ಸ್ಪ್ರಿಂಗ್ ನಿಮ್ಮದಲ್ಲ.

ಹಾಗಾದ್ರೆ ನಮ್ಮದು ಯಾವುದು? ಅದಕ್ಕೆ ಸ್ಯಾಗ್ ಅಳೀಬೇಕು. ನಾವು ಸೈಕಲ್ ಮೇಲೆ ನಿಂತಾಗ ಬರೀ ನಮ್ಮ ಭಾರಕ್ಕೆ ಶಾಕ್ ಎಷ್ಟು ಕುಗ್ತದೋ ಅದು ಸ್ಯಾಗ್. ಬೆಟ್ಟದಲ್ಲಿ ಓಡಿಸೋ ಸೈಕಲ್‌ಗೆ ಶಾಕ್‌ನ ಒಟ್ಟು ಸ್ಟ್ರೋಕ್‌ನ, ಅಂದ್ರೆ ಅದು ಪೂರ್ತಿ ಕುಗ್ಗಬಲ್ಲ ಉದ್ದದ, ಶೇಕಡಾ 30ರ ಆಸುಪಾಸು ಒಳ್ಳೇದು. ಅಷ್ಟು ಕುಗ್ಗಿ ಕೂತಿದ್ರೆ ಚಕ್ರಕ್ಕೆ ಗುಂಡಿಯೊಳಗೆ ಇಳಿಯಲಿಕ್ಕೆ ಜಾಗ ಇರ್ತದೆ. ಸ್ಯಾಗ್ ಕಡಿಮೆಯಾದ್ರೆ ಚಕ್ರ ಗುಂಡಿಯ ಮೇಲಿಂದ ಹಾರಿಹೋಗ್ತದೆ. ನನ್ನ ಮೂರನೇ ಮೆಟ್ಟಿಲಿನ ಕತೆ ಅದೇ.

[ತಂಗಿ ಟೇಪ್ ಹಿಡಿದು ಶಾಕ್ ಪಕ್ಕ ಕೂತಿದ್ದಾಳೆ.]

ಅಳೆಯೋದು ಒಬ್ಬರಿಂದ ಆಗೋ ಕೆಲಸ ಅಲ್ಲ. ಶಾಕ್‌ನ ಮೇಲಿನ ಬೋಲ್ಟಿನ ನಡುವಿಂದ ಕೆಳಗಿನ ಬೋಲ್ಟಿನ ನಡುವಿಗೆ, ಭಾರ ಇಲ್ಲದಾಗ ಎಷ್ಟಿದೆ ಅಂತ ಮೊದಲು ಬರ್ಕೊಳ್ಳಿ. ಶಾಕ್ ಕುಗ್ಗದ ಹಾಗೆ ಬಿಗಿಯೋ ಲಾಕ್ಔಟ್ ಇದ್ರೆ ಅದನ್ನ ಬಿಡಿಸಿ. ಈಗ ಹೆಲ್ಮೆಟ್, ಮೊಣಕಾಲು ಪ್ಯಾಡ್, ನೀರು ತುಂಬಿದ ಚೀಲ, ಎಲ್ಲ ಹಾಕ್ಕೊಂಡು ಹತ್ತಿ. ಸೀಟಿನ ಮೇಲೆ ಕೂರಬೇಡಿ. ಇಳಿಯುವಾಗ ಹೇಗೆ ನಿಲ್ತೀರೋ ಹಾಗೇ ಪೆಡಲ್ ಮೇಲೆ ನಿಲ್ಲಿ. ಎರಡು ಸಲ ಕುಪ್ಪಳಿಸಿ ಸುಮ್ಮನಾಗಿ. ಆಗ ಇನ್ನೊಬ್ಬರು ಅದೇ ಅಳತೆ ಮತ್ತೆ ತಗೊಳ್ಳಲಿ.

ತಂಗಿ: ಅಣ್ಣಾ, ಅಲ್ಲಾಡಡ!

ಮೂರು ಸಲ ಅಳೆದ್ವಿ. ಭಾರ ಇಲ್ಲದಾಗಿಗೂ ನಾನು ನಿಂತಾಗಿಗೂ ವ್ಯತ್ಯಾಸ 13.5 ಮಿಲಿಮೀಟರ್. ಶಾಕ್‌ನ ಸ್ಟ್ರೋಕ್ 60. ನನಗೆ ಬೇಕಾದ ಶೇಕಡಾ 30 ಅಂದ್ರೆ 18. ಈಗ ತ್ರೈರಾಶಿ: 550ನ್ನ 13.5ರಿಂದ ಗುಣಿಸಿ, 18ರಿಂದ ಭಾಗಿಸಿ. 412 ಚಿಲ್ಲರೆ ಬರ್ತದೆ. ಯಾವುದೋ ಒಂದು ಸ್ಪ್ರಿಂಗ್ ಕೈಯಲ್ಲಿದ್ರೆ ಇದಕ್ಕಿಂತ ನಂಬಿಕೆಯ ದಾರಿ ನನಗೆ ಗೊತ್ತಿಲ್ಲ.

ಸ್ಪ್ರಿಂಗೇ ಇಲ್ಲದವರು, ಹೊಸದಾಗಿ ತಗೊಳ್ಳೋರು ತೂಕದಿಂದ ಹೊರಡಬೇಕು. ಸಾಮಾನೆಲ್ಲ ಸೇರಿ ನಾನು 72 ಕೆಜಿ. ಸೈಕಲ್‌ನಲ್ಲಿ ಶಾಕ್‌ನ ಮೇಲೆ ಕೂರೋ ಭಾಗ ಸುಮಾರು 10 ಅಂತ ಹಿಡಿಯೋಣ, ಚಕ್ರದ ಭಾರ ಲೆಕ್ಕಕ್ಕಿಲ್ಲ. ಒಟ್ಟು 82. ಹಿಂದಿನ ಚಕ್ರಕ್ಕೆ ಬೀಳೋದು ಅದರ ಶೇಕಡಾ 65ರ ಹತ್ತಿರ, ಅಂದ್ರೆ 53.3 ಕೆಜಿ. ಚಕ್ರ 150 ಮಿಲಿಮೀಟರ್ ಮೇಲೇಳುವಾಗ ಶಾಕ್ ಕುಗ್ಗೋದು 60 ಮಾತ್ರ. ಸನ್ನೆಕೋಲಿನ ಹಾಗೆ, ಕಡಿಮೆ ಚಲಿಸುವ ತುದಿಗೆ ಹೆಚ್ಚು ಭಾರ. 150 ಭಾಗಿಸು 60, ಎರಡೂವರೆ ಪಟ್ಟು. ಶಾಕ್ ಮೇಲೆ ಬೀಳೋದು 133 ಕೆಜಿ! ಅದನ್ನ 18 ಮಿಲಿಮೀಟರಿಗೆ ಹಂಚಿದ್ರೆ ಮಿಲಿಮೀಟರಿಗೆ 7.4 ಕೆಜಿ. ಇಂಚಿಗೆ ಎಷ್ಟು ಪೌಂಡ್ ಅನ್ನೋ ಲೆಕ್ಕಕ್ಕೆ ತರಲು 56ರಿಂದ ಗುಣಿಸಿ. 414.

ಅಳತೆಯಿಂದ 412, ತೂಕದಿಂದ 414. ಇಷ್ಟು ಹತ್ತಿರ ಬಂದದ್ದು ನೋಡಿ ನನಗೆ ನಿಜವಾಗಿ ಖುಷಿಯಾಯ್ತು. ಎಲ್ಲರಿಗೂ ಹೀಗೇ ಬರೋದಿಲ್ಲ. ಆ ಎರಡೂವರೆ ಪಟ್ಟು ಸರಾಸರಿ ಮಾತ್ರ, ಶಾಕ್ ಕುಗ್ತಾ ಹೋದ ಹಾಗೆ ಅದು ಬದಲಾಗ್ತಾ ಇರ್ತದೆ, ಒಂದೊಂದು ಫ್ರೇಮಿಗೆ ಒಂದೊಂದು ಥರ. ಅದಕ್ಕೇ ಲೆಕ್ಕ ಹಾಕಿ ತಂದ ಸ್ಪ್ರಿಂಗನ್ನೂ ಮತ್ತೆ ಟೇಪ್ ಹಿಡಿದೇ ನೋಡಬೇಕು.

ತರುವಾಗ ಎರಡನೇ ಅಂಕಿ ಮರೀಬೇಡಿ. ಅದು ನಿಮ್ಮ ಶಾಕ್‌ನ ಸ್ಟ್ರೋಕ್‌ಗಿಂತ ಕಡಿಮೆ ಇರಕೂಡದು. ಇದ್ರೆ ಶಾಕ್ ಪೂರ್ತಿ ಇಳಿಯೋ ಮೊದಲೇ ಸುರುಳಿಗೆ ಸುರುಳಿ ಬಡಿದು ಕೂರ್ತದೆ. ಒಳಗಿನ ವ್ಯಾಸವೂ ಕೂಡಬೇಕು. ಟೈಟಾನಿಯಂ ಹಗುರ, ತುಕ್ಕು ಹಿಡಿಯೋದಿಲ್ಲ, ದುಬಾರಿ. ಕಾರವಾರ, ಅಂಕೋಲೆಯ ಉಪ್ಪುಗಾಳಿಯಲ್ಲಿ ಇರೋರು ಉಕ್ಕಿನ ಸ್ಪ್ರಿಂಗ್ ಬಣ್ಣ ಎದ್ದಲ್ಲಿ ಆಗಾಗ ನೋಡ್ತಾ ಇರಿ.

[ಬೆಟ್ಟ. ಮಳೆ ನಿಂತ ಮೇಲಿನ ಹಸಿ ನೆಲ.]

400 ತರಲಾ, 425 ತರಲಾ ಅನ್ನೋ ಪ್ರಶ್ನೆ ಉಳೀತು. ಎತ್ತರದ ಧರೆಯಿಂದ ಹಾರೋರಾದ್ರೆ 425 ಅಂತಿದ್ದೆ. ನಾನು ಹೆಚ್ಚು ಓಡಿಸೋದು ಒದ್ದೆ ಬೇರು, ಪಾಚಿಗಟ್ಟಿದ ಕಲ್ಲಿನ ಮೇಲೆ. ನನಗೆ ಬೇಕಾದದ್ದು ಹಿಡಿತ. 400 ಹಾಕಿದೆ. ಸ್ಯಾಗ್ 18.5 ಬಂತು, ಶೇಕಡಾ 31. ಮೆದು ಸ್ಪ್ರಿಂಗ್ ವಾಪಸ್ ತಳ್ಳೋ ಬಲ ಕಡಿಮೆ, ಅದಕ್ಕೆ ರಿಬೌಂಡನ್ನ, ಅಂದ್ರೆ ಶಾಕ್ ವಾಪಸ್ ಏಳೋ ವೇಗ ತಡೆಯೋ ತಿರುಪನ್ನ, ಎರಡು ಕ್ಲಿಕ್ ಬಿಚ್ಚಿದೆ. ಹಾಗೇ ಬಿಟ್ಟಿದ್ರೆ ಒಂದು ಮೆಟ್ಟಿಲಿಂದ ಮೇಲೇಳೋದರೊಳಗೆ ಇನ್ನೊಂದು ಮೆಟ್ಟಿಲು ಬಂದುಬಿಡ್ತಿತ್ತು.

ಸ್ಯಾಗ್ ಸರಿ ಇದ್ದೂ ಶಾಕ್ ಪದೇ ಪದೇ ತಳಕ್ಕೆ ಧಡ್ ಅಂತ ಬಡಿದ್ರೆ, ಗಡುಸು ಸ್ಪ್ರಿಂಗಿಗೆ ಓಡಬೇಡಿ. ಮೊದಲು ಕಂಪ್ರೆಷನ್, ಅಂದ್ರೆ ಶಾಕ್ ಕುಗ್ಗೋ ವೇಗ ತಡೆಯೋ ತಿರುಪು, ಒಂದೆರಡು ಕ್ಲಿಕ್ ಬಿಗಿ ಮಾಡಿ ನೋಡಿ. ಎಲ್ಲೋ ಒಂದು ದೊಡ್ಡ ಹಾರುವಿಕೆಗೆ ತಳ ಮುಟ್ಟಿದ್ರೆ ತಪ್ಪಿಲ್ಲ, ಆ ಸ್ಟ್ರೋಕ್ ಇರೋದೇ ಬಳಸಲಿಕ್ಕೆ.

[ಹಿಂದಿನ ಚಕ್ರದ ಹತ್ತಿರದ ನೋಟ, ನಿಧಾನಗತಿಯಲ್ಲಿ.]

ನೋಡಿ, ಮೂರನೇ ಮೆಟ್ಟಿಲು. ಚಕ್ರ ಕಲ್ಲು ಬಿಡಲಿಲ್ಲ. ಈಗ ಹಲಸಿನ ಬೇರು...