ಪೂಜೆ ಮುಗಿದ ಮೇಲೆ, ಚರ್ಚ್ ಹಿಂದಿನ ಹಾಲ್‌ನಲ್ಲಿ

ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಈಗ ಕಾಫಿ ಕೊಯ್ಲು. ಅರೇಬಿಕಾ ಮುಗೀತಾ ಬಂತು, ರೋಬಸ್ಟಾ ಶುರು. ತೋಟದ ಕೆಲಸಗಾರರ ಲೈನ್ ಮನೆಗಳ ಕಡೆ ಹೋದರೆ ಹಿಂದಿ, ಸಾದ್ರಿ, ಅಸ್ಸಾಮಿ ಮಾತೇ ಜಾಸ್ತಿ. ಜಾರ್ಖಂಡ್, ಅಸ್ಸಾಂ, ಒಡಿಶಾದಿಂದ ಬಂದವರು.

ಇದು ನಮ್ಮ ಕಡೆಯ ಒಂದು ಚರ್ಚ್. ಕನ್ನಡ ಪೂಜೆ ಈಗಷ್ಟೇ ಮುಗಿಯಿತು. ಇವರ ಕಾಗದಪತ್ರಕ್ಕೆ ನೆರವಾಗಲು ಹಿಂದಿನ ಹಾಲ್‌ನಲ್ಲಿ ಎರಡು ಟೇಬಲ್, ಒಂದು ಲ್ಯಾಪ್‌ಟಾಪ್, ಹಿಂದಿ ಬರುವ ಒಬ್ಬ ಸಿಸ್ಟರ್. ಅಷ್ಟೇ.

ಈ ಅಕ್ಕ ಜಾರ್ಖಂಡ್‌ನ ಗುಮ್ಲಾದವರು. ಮುಖ ಬೇಡ ಅಂದರು, ಅದಕ್ಕೆ ಕೈ ಮಾತ್ರ ತೋರಿಸುತ್ತೇನೆ. ಹಣ್ಣಿನ ಅಂಟು ಹಿಡಿದು ಬೆರಳೆಲ್ಲ ಕಪ್ಪಾಗಿದೆ, ತುದಿ ಸವೆದಿದೆ. ಊರಿನ ರೇಷನ್ ಕಾರ್ಡ್ ಇದ್ದರೆ ಇಲ್ಲಿನ ಸೊಸೈಟಿಯಲ್ಲೇ ಅಕ್ಕಿ ಸಿಗುತ್ತದೆ, ‘ಒಂದು ದೇಶ ಒಂದು ಪಡಿತರ ಚೀಟಿ’ ಇದೆಯಲ್ಲ. ಆದರೆ ಅಲ್ಲಿನ ಬೆರಳಚ್ಚು ಮಿಷನ್ ಈ ಹೆಬ್ಬೆಟ್ಟನ್ನು ಒಪ್ಪುತ್ತಿಲ್ಲ. ಆಧಾರ್‌ನಲ್ಲಿರುವ ಫೋನ್ ನಂಬರ್ ಎಂದೋ ಬಿಟ್ಟ ಸಿಮ್‌ದು.

"ದೀದಿ, ಆಧಾರ್ ಸೆಂಟರ್‌ಗೆ ಹೋಗೋಣ. ಬೆರಳು ಆಗದಿದ್ದರೆ ಕಣ್ಣು ಸ್ಕ್ಯಾನ್ ಮಾಡ್ತಾರೆ. ರೈಟರ್‌ಗೆ ನಾನೇ ಹೇಳ್ತೀನಿ," ಅಂದರು ಸಿಸ್ಟರ್, ಹಿಂದಿಯಲ್ಲಿ. ರೈಟರ್ ಅಂದರೆ ತೋಟದಲ್ಲಿ ಕೂಲಿ ಲೆಕ್ಕ ಬರೆಯುವವರು.

ಕಂಬಳಿ ಹಂಚಿ ಫೋಟೊ ಹಾಕುವುದು ಸುಲಭ. ಈ ಚಳಿಗೆ ಕಂಬಳಿಯೂ ಬೇಕು, ಇಲ್ಲ ಅನ್ನಲ್ಲ. ಆದರೆ ಒಂದು ದಿನದ ಕೂಲಿ ಬಿಟ್ಟು ಕ್ಯೂ ನಿಲ್ಲುವವರ ಜೊತೆ ಹೋಗಿ ನಿಲ್ಲುವವರು ಎಷ್ಟು ಜನ?

ಈ ಟೇಬಲ್ ಹತ್ತಿರ ಯಾವ ಧರ್ಮ ಅಂತ ಕೇಳುವುದಿಲ್ಲ. ಅಸ್ಸಾಂನ ಮುಸ್ಲಿಂ ಹುಡುಗರೂ ಕೂತಿದ್ದಾರೆ. ನಮ್ಮಲ್ಲಿ ಅವರನ್ನು ಕಂಡ ಕೂಡಲೇ "ಬಾಂಗ್ಲಾದವರು" ಅಂದುಬಿಡುತ್ತಾರೆ, ಆಧಾರ್ ಕೈಯಲ್ಲಿ ಹಿಡಿದು ನಿಂತಿದ್ದರೂ.

ಚಿಕ್ಕಮಗಳೂರು ಧರ್ಮಪ್ರಾಂತ್ಯ (ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ) ಆಗಿದ್ದು 1963ರಲ್ಲಿ, ಹಾಸನವೂ ಅದರೊಳಗೇ ಬರುತ್ತದೆ. ಅದಕ್ಕೂ ಮೊದಲೇ ತೋಟದ ಕೆಲಸಕ್ಕೆ ಮಂಗಳೂರು ಕಡೆಯಿಂದ ಘಟ್ಟ ಹತ್ತಿದವರು, ತಮಿಳುನಾಡಿನಿಂದ ಬಂದವರು ಇಲ್ಲಿದ್ದರು. ಈಗ ಊಟ ಬಡಿಸುತ್ತಿರುವವರಲ್ಲಿ ಅವರ ಮೊಮ್ಮಕ್ಕಳೇ ಜಾಸ್ತಿ. ಇವತ್ತು ಕುಚ್ಚಲಕ್ಕಿ ಅನ್ನ. ಜಾರ್ಖಂಡ್‌ನವರಿಗೂ ಅದೇ ಇಷ್ಟ, ಉಸ್ನಾ ಅಂತಾರೆ. ಬೆಳ್ತಿಗೆ ಅನ್ನದ ಪಾತ್ರೆ ಹಾಗೇ ಉಳಿದಿದೆ ನೋಡಿ.

ಜಗಳವೂ ಇದೆ. ಸಂಜೆಯ ಹಿಂದಿ ಪೂಜೆಗೆ ಜಾರ್ಖಂಡ್‌ನವರು ಮಾಂದರ್ ಡೋಲು ಬಾರಿಸಿ ಹಾಡುತ್ತಾರೆ. "ಫಾದರ್, ನಮ್ಮ ಕೀಬೋರ್ಡ್ ಕೇಳಿಸೋದೇ ಇಲ್ಲ," ಅಂತ ಕ್ವಾಯರ್‌ನವರ ದೂರು. ಫಾದರ್ ಪೂರ್ತಿ ಕೇಳಿಸಿಕೊಂಡು, "ವಾಲ್ಯೂಮ್ ಜಾಸ್ತಿ ಇಟ್ಕೊಳ್ರಪ್ಪ," ಅಂದರು.