ಭುಜದ ಗಂಟು ತೆಗೆಸಿದೆ, ಬಿಲ್ ಕಟ್ಟಿದ್ದು ಎಫ್‌ಎಸ್‌ಎ ದುಡ್ಡಲ್ಲಿ

ಈ ಕ್ಲಿಪ್ ಹೊಲಿಗೆ ಬಿಚ್ಚಿಸಿಕೊಂಡ ದಿನದ್ದು. ಬಲ ಭುಜದ ಮೇಲೆ, ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ ಕೂರುವ ಜಾಗದಲ್ಲೇ, ನಿಂಬೆಹಣ್ಣಿನಷ್ಟು ದೊಡ್ಡ ಕೊಬ್ಬಿನ ಗಂಟು ಇತ್ತು. ಲೈಪೋಮಾ ಅಂತಾರೆ. ಬ್ಯಾಗ್ ಹಾಕಿಕೊಂಡರೆ ಸಾಕು, ಸಂಜೆ ಹೊತ್ತಿಗೆ ನೋವು ಶುರು. ಆದರೂ ಎರಡು ವರ್ಷ ಸುಮ್ನೆ ಮುಂದೂಡಿದೆ. ಬಿಲ್ ಭಯ. ನಾವಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ. ಇಲ್ಲಿ ಇನ್ಶೂರೆನ್ಸ್ ಇದ್ದರೂ ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮೊದಲು ನಾವೇ ಕಟ್ಟಬೇಕಾದ ಮೊತ್ತ) ಮುಗಿಯುವವರೆಗೆ ಇಂಥ ಖರ್ಚು ನಮ್ಮ ಕೈಯಿಂದಲೇ ಹೋಗುತ್ತದೆ.

"ಊರಿಗೆ ಬಾ, ಇಲ್ಲೇ ತೆಗೆಸ್ಕೊಂಡು ಹೋಗು" ಅಂತ ಅಮ್ಮ ಫೋನಲ್ಲಿ ಹೇಳುತ್ತಲೇ ಇದ್ದರು. ಊರಲ್ಲಿ ಮಾಡಿಸಿದ ಆಪರೇಷನ್‌ಗೂ ಎಫ್‌ಎಸ್‌ಎ ದುಡ್ಡು, ಅಂದರೆ ಚಿಕಿತ್ಸೆ ಖರ್ಚಿಗೆ ಅಂತ ಕಂಪನಿಯ ಮೂಲಕ ಸಂಬಳದಿಂದ ತೆಗೆದಿಡುವ ದುಡ್ಡು, ನಡೆಯುತ್ತದೆ, ಸರಿಯಾದ ಬಿಲ್ ಇರಬೇಕು ಅಷ್ಟೇ. ನನಗೆ ರಜೆ ಇರಲಿಲ್ಲ.

2024ರ ನವೆಂಬರಿನಲ್ಲಿ ಕಂಪನಿಯ ಓಪನ್ ಎನ್‌ರೋಲ್‌ಮೆಂಟ್ (ಮುಂದಿನ ವರ್ಷದ ಸೌಲಭ್ಯ ಆರಿಸಿಕೊಳ್ಳುವ ಸಮಯ) ಬಂದಾಗ ಎಫ್‌ಎಸ್‌ಎಗೆ 1,800 ಡಾಲರ್ ಹಾಕಿದೆ. 2025ಕ್ಕೆ ಮಿತಿ 3,300 ಇತ್ತು. ಈ ದುಡ್ಡು ತೆರಿಗೆ ಹಿಡಿಯುವ ಮೊದಲೇ ಸಂಬಳದಿಂದ ಕಟ್ ಆಗುತ್ತದೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ: ವರ್ಷದ ಪೂರ್ತಿ ಮೊತ್ತ ಮೊದಲ ದಿನದಿಂದಲೇ ನಿಮ್ಮ ಕೈಗೆ ಸಿಗುತ್ತದೆ. ಫೆಬ್ರವರಿಯಲ್ಲಿ ಆಪರೇಷನ್ ಆದಾಗ ನನಗೆ ಆಗಿದ್ದು ಎರಡು ವಾರಕ್ಕೊಮ್ಮೆ ಬರುವ ಮೂರೇ ಸಂಬಳ, ಕಟ್ ಆಗಿದ್ದು 208 ಡಾಲರ್ ಹತ್ತಿರ, ಆದರೂ ಡಾಕ್ಟರ ಬಿಲ್ 1,180 ಡಾಲರನ್ನು ಎಫ್‌ಎಸ್‌ಎ ಕಾರ್ಡಲ್ಲೇ ಕಟ್ಟಿ ಬಂದೆ. ಎಚ್‌ಎಸ್‌ಎ ಅನ್ನುವ ಇನ್ನೊಂದು ಆರೋಗ್ಯ ಉಳಿತಾಯ ಖಾತೆ ಹಾಗಲ್ಲ, ಅದರಲ್ಲಿ ಜಮಾ ಆದಷ್ಟೇ ತೆಗೆಯಬಹುದು, ಆದರೆ ಉಳಿದಿದ್ದು ಎಷ್ಟು ವರ್ಷವಾದರೂ ನಿಮ್ಮದೇ.

ಅಂದಕ್ಕೆ ಅಂತ ತೆಗೆಸಿದರೆ ಎರಡರಲ್ಲೂ ನಡೆಯುವುದಿಲ್ಲ. ಅದಕ್ಕೇ ಮೊದಲ ಭೇಟಿಯಲ್ಲೇ ನೋವಿನ ವಿಷಯ ಬಿಡಿಸಿ ಹೇಳಿ, ಫೈಲಲ್ಲಿ ಬರೆಸಿಕೊಳ್ಳಿ. ದಯವಿಟ್ಟು ಇದನ್ನು ಬಿಡಬೇಡಿ.

ಆಪರೇಷನ್ ಅರ್ಧ ಗಂಟೆ. ಮರಗಟ್ಟಿಸುವ ಇಂಜೆಕ್ಷನ್ ಮಾತ್ರ ಉರಿಯಿತು, ಆಮೇಲೆ ಯಾರೋ ಚರ್ಮ ಎಳೆದ ಹಾಗೆ ಅನಿಸಿತು ಅಷ್ಟೇ.

ನಿಜವಾದ ತಲೆನೋವು ಶುರುವಾಗಿದ್ದು ಎರಡು ವಾರ ಆದ ಮೇಲೆ. ಅಕೌಂಟ್ ನೋಡಿಕೊಳ್ಳುವ ಕಂಪನಿಯಿಂದ ಮೇಲ್ ಬಂತು, ದಾಖಲೆ ಕೊಡಿ, ಇಲ್ಲದಿದ್ದರೆ ಕಾರ್ಡ್ ನಿಲ್ಲಿಸುತ್ತೇವೆ ಅಂತ. ಕಾರ್ಡ್ ಉಜ್ಜಿದ ರಸೀದಿ ಕಳಿಸಿದೆ, ತಿರಸ್ಕರಿಸಿದರು. ತುಂಬಾ ಬೇಜಾರಾಯಿತು. ಅವರಿಗೆ ಬೇಕಾಗಿದ್ದು ಇಒಬಿ, ಅಂದರೆ ಇನ್ಶೂರೆನ್ಸಿನವರು ಕಳಿಸುವ ಲೆಕ್ಕದ ಹಾಳೆ. ಯಾವ ದಿನ ಚಿಕಿತ್ಸೆ, ಏನು ಮಾಡಿದರು, ನಿಮ್ಮ ಪಾಲು ಎಷ್ಟು, ಎಲ್ಲ ಅದರಲ್ಲಿರುತ್ತದೆ. ಅದನ್ನು ಹಾಕಿದ ಮರುದಿನವೇ ಪಾಸಾಯಿತು.

ಗಂಟನ್ನು ಪರೀಕ್ಷೆ ಮಾಡಿದ ಲ್ಯಾಬಿನ ಬಿಲ್ ಬೇರೆಯೇ ಬಂತು, 220 ಡಾಲರ್, ಅದೂ ಏಪ್ರಿಲ್‌ನಲ್ಲಿ. ಒಟ್ಟು 1,400. ನನ್ನ 22 ಪರ್ಸೆಂಟ್ ತೆರಿಗೆ, ಸಂಬಳದಲ್ಲಿ ಹಿಡಿಯುವ 7.65 ಪರ್ಸೆಂಟ್ ಸೇರಿಸಿದರೆ ತೆರಿಗೆಯಲ್ಲಿ ಉಳಿತಾಯವಾಗಿದ್ದು ಸುಮಾರು 415 ಡಾಲರ್. ಖಾತೆಯಲ್ಲಿ ಇನ್ನೂ 400 ಇದೆ, ಈ ಶನಿವಾರ ಮಗಳಿಗೆ ಕನ್ನಡಕ ಮಾಡಿಸುತ್ತೇನೆ.